ದೊಡ್ಡದಾಗುತ್ತಾ ಹೋದ ಹಳದಿ ಬೊಟ್ಟು

ವಿಲ್ಲಾಡ್ಸ್ ನನ್ನ ಗೇಟಿನ ಮುಂದೆ ಮೊದಲ ಸಲ ನಿಂತಾಗ ಅವನ ಒಂದು ಕೈಯಲ್ಲಿ ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಸಣ್ಣ ಬ್ರಶ್ಶು ಇತ್ತು. ಕೋಪನ್‌ಹೇಗನ್ನಿನ ಹತ್ತಿರದ ನಮ್ಮ ಗ್ಲೋಸ್ಟ್ರುಪ್‌ನಲ್ಲಿ ಲೈಲಾಕ್ ಹೂ ಅರಳುವ ಕಾಲ. ನನ್ನ ಗಂಡ ಥೋರ್ವಾಲ್ಡ್ ತೀರಿಕೊಂಡು ಒಂದು ಚಳಿಗಾಲ ಕಳೆದಿತ್ತು.

“ನಿನ್ನ ಗೇಟಿನ ಕಂಬಕ್ಕೆ ಒಂದು ಬೊಟ್ಟು ಇಡ್ಲಾ?” ಎಂದ.

“ಯಾಕೆ, ಕಂಬ ನಿನಗೇನು ಮಾಡ್ತು?”

“ಓಡೋರು ಇಲ್ಲಿ ಎಡಕ್ಕೆ ತಿರುಗ್ಬೇಕು, ಜೌಗಿನ ಕಡೆಗೆ. ಹಳದಿ ಅಂದ್ರೆ ಓಟದ ದಾರಿ, ನೀಲಿ ಅಂದ್ರೆ ಸೈಕಲ್ ದಾರಿ.”

“ಬೋರ್ಡು ಬರೆಸಬಾರದಾ?”

“ಅಕ್ಷರ ಓದೋಕೆ ನಿಲ್ಬೇಕು. ಬೊಟ್ಟನ್ನ ಓಡ್ತಾನೇ ಓದಬಹುದು.”

ಅಕ್ಷರಗಳ ಜೊತೆ ನನಗೂ ಅಷ್ಟೇನೂ ಸ್ನೇಹವಿಲ್ಲ. ಇಡು ಎಂದೆ. ನಾಣ್ಯದಷ್ಟು ಅಗಲದ ಬೊಟ್ಟು, ಅಂಚು ಎಲ್ಲೂ ಹರಡದಂತೆ ಇಟ್ಟ.

ಅವನು ಜೀವಮಾನವೆಲ್ಲ ಕೋಪನ್‌ಹೇಗನ್ನಿನ ಲೋಕಲ್ ರೈಲು ಓಡಿಸಿದವನು. ನಿವೃತ್ತನಾದ ಮೇಲೆ ಹಳಿಯ ಪಕ್ಕ, ಕಾಡಂಚು, ಮನೆಗಳ ಹಿತ್ತಲ ಸಂದಿ ಎಲ್ಲವನ್ನೂ ಸುತ್ತಿ, ಕಾರುಗಳಿಗೆ ಸಿಗದ ದಾರಿಗಳನ್ನು ಹುಡುಕಿ ಒಂದಕ್ಕೊಂದು ಜೋಡಿಸಿದ. ಭಾನುವಾರ ಬೆಳಿಗ್ಗೆ ಆಟದ ಮೈದಾನದಿಂದ ಸೈಕಲ್ ಸವಾರಿ ಹೊರಡುತ್ತಿತ್ತು. ಮುಂದೆ ಅವನು, ಹಿಂದೆ ಸಾಲಾಗಿ ಉಳಿದವರು. ಅವನನ್ನು ಎಲ್ಲರೂ ಹಳೇ ರೈಲು ಎನ್ನುತ್ತಿದ್ದರು.

ವಾರದ ದಿನಗಳಲ್ಲಿ ಅವನು ಒಬ್ಬನೇ ಸೈಕಲ್ ಮೇಲೆ ಹೋಗುತ್ತಿದ್ದ. ನಾನು ಬೇಲಿಯ ಹತ್ತಿರದಿಂದ “ಗುಡ್ ಮಾರ್ನಿಂಗ್” ಎಂದರೆ ಕೈ ಎತ್ತುತ್ತಿದ್ದ. ಭಾನುವಾರ ಮಾತ್ರ ನಾನು ಮಾತಾಡಿಸುತ್ತಿರಲಿಲ್ಲ. ನಮ್ಮಲ್ಲಿ ಸೈಕಲ್ ಮೇಲಿರುವವನು ಕೈ ಎತ್ತಿದರೆ ಹಿಂದೆ ಬರುವವರಿಗೆ ‘ನಿಲ್ಲುತ್ತಿದ್ದೇನೆ’ ಎಂದೇ ಅರ್ಥ. ತೊಟ್ಟಿಲು ಬಿಟ್ಟು ಇಳಿದ ಮಗುವಿಗೂ ಅದು ಗೊತ್ತು.

ಬೊಟ್ಟಿಗೆ ಪ್ರತಿ ವಸಂತದಲ್ಲಿ ಹೊಸ ಬಣ್ಣ ಬೀಳುತ್ತಿತ್ತು. ಬರಬರುತ್ತಾ ಅದು ಸಾಸರಿನಷ್ಟಾಯಿತು. ಆಮೇಲೊಂದು ವರ್ಷ ಊಟದ ತಟ್ಟೆಯಷ್ಟಾಗಿ, ಬಣ್ಣ ಕಂಬದ ಬುಡದವರೆಗೆ ಇಳಿದಿತ್ತು. ಅವತ್ತು ಅವನನ್ನು ಕಾಫಿಗೆ ಒಳಗೆ ಕರೆದೆ.

“ವಿಲ್ಲಾಡ್ಸ್, ಈ ಬೊಟ್ಟು ಯಾಕೆ ಹೀಗೆ ಊದ್ಕೋತಾ ಇದೆ?”

“ಓಡೋರಿಗೆ ವಯಸ್ಸಾಗ್ತಿದೆ.”

“ಓಡೋರಿಗೋ, ಬಣ್ಣ ಹಚ್ಚೋನಿಗೋ?”

ನಗುತ್ತಾ ಕಪ್ಪಿಗೆ ಕೈ ಚಾಚಿದ. ಪಕ್ಕದಲ್ಲೇ ಇದ್ದ ಹಾಲಿನ ಜಗ್ಗು ಅವನ ಮೊಣಕೈ ತಾಗಿ ಉರುಳಿತು. ಹಾಲು ಮೇಜಿನಿಂದ ಅವನ ಮೊಣಕಾಲಿಗೆ ಸುರಿಯುವವರೆಗೂ ಅವನಿಗೆ ಗೊತ್ತಾಗಲಿಲ್ಲ.

ಒರೆಸಿದೆ. ಅವನು ಒದ್ದೆ ಮೊಣಕಾಲನ್ನು ತಡವಿಕೊಂಡ.

“ನೇರ ಮುಂದಿರೋದು ಕಾಣುತ್ತೆ ಗುಡ್ರುನ್. ಬದಿಗಳು ಹೋಗಿವೆ. ಸುರಂಗದೊಳಗೆ ರೈಲು ಓಡಿಸ್ದ ಹಾಗೆ.”

“ದಿನಾ ನನಗೆ ಕೈ ಎತ್ತುತೀಯಲ್ಲ?”

“ದನಿ ಕೇಳಿ ಎತ್ತೋದು. ನೀನು ಕಾಣಲ್ಲ.”

“ಹಿಂದೆ ಅಷ್ಟು ಜನರನ್ನ ಕಟ್ಕೊಂಡು ಹೋಗ್ತೀಯಲ್ಲೋ.”

“ದಾರಿ ಕಾಲಿಗೆ ಗೊತ್ತು. ಲಿಸ್ಬೆಟ್‌ಗೆ ತಿಳಿದ್ರೆ ಅವತ್ತೇ ಸೈಕಲ್ ಕಿತ್ಕೊಂಡು ನನ್ನನ್ನ ಓಡೆನ್ಸಿಗೆ ಒಯ್ದುಬಿಡ್ತಾಳೆ. ಅವಳ ಮನೆ ಮೂರನೇ ಮಹಡಿ. ಬಾಲ್ಕನೀಲಿ ಕೂತು ನಾನೇನು ಮಾಡ್ಲಿ?” ಲಿಸ್ಬೆಟ್ ಅವನ ಒಬ್ಬಳೇ ಮಗಳು. “ಪಿನ್ಸೆ ಹಬ್ಬದ ಭಾನುವಾರದ ಸವಾರಿ ಒಂದು ಮುಗಿಸ್ತೀನಿ. ಆಮೇಲೆ ನಾನೇ ಎಲ್ಲರಿಗೂ ಹೇಳ್ತೀನಿ.”

“ಹೇಳದಿದ್ರೆ ನಾನು ಹೇಳ್ತೀನಿ,” ಎಂದೆ.

ಪಿನ್ಸೆಯ ಹಿಂದಿನ ಸಂಜೆ ನಾನು ಅಂಗಡಿಯಿಂದ ಬರುವಾಗ ನೋಡಿದೆ. ರೈಲು ಸೇತುವೆಯ ಆಚೆ ಬಿಸಿನೀರಿನ ಕೊಳವೆಗಾಗಿ ಸೈಕಲ್ ದಾರಿಯ ಬಲ ಅರ್ಧವನ್ನು ಅಗೆದಿದ್ದರು. ಅಂಚಿಗೆ ಕೆಂಪು ಬಿಳಿ ಹಲಗೆಯೊಂದನ್ನು ನಿಲ್ಲಿಸಿದ್ದರು, ಮೊಣಕಾಲೆತ್ತರಕ್ಕೆ, ಅವನ ನೋಟಕ್ಕೆ ಸಿಗದಷ್ಟು ಕೆಳಗೆ. ಅವನು ಯಾವಾಗಲೂ ಬಲ ಅಂಚು ಹಿಡಿದೇ ಹೋಗುವವನು. ಫೋನ್ ಮಾಡಿದೆ, ಎತ್ತಲಿಲ್ಲ.

ಬೆಳಿಗ್ಗೆ ಬೇಗನೆ ಹೋಗಿ ಗೇಟಿನಲ್ಲಿ ನಿಂತೆ. ಪಡುವಣ ಗಾಳಿ ಬಲವಾಗಿತ್ತು. ಸಾಲು ತಿರುವಿನಲ್ಲಿ ಕಾಣಿಸಿತು. ಮುಂದೆ ವಿಲ್ಲಾಡ್ಸ್, ಅವನ ಹಿಂದೆಯೇ ಮಾಂಸದಂಗಡಿಯ ಯಾನಿಕ್, ಅವನ ಹಿಂದೆ ರಿಗ್ಮೋರ್, ನಿವೃತ್ತ ಸೂಲಗಿತ್ತಿ.

“ವಿಲ್ಲಾಡ್ಸ್! ಸೇತುವೆ ಹತ್ರ ಅಗೆದಿದಾರೆ!” ಎಂದು ಕೂಗಿದೆ.

ಗಾಳಿ ಅವನಿಗೆ ಹೆಸರನ್ನಷ್ಟೇ ಮುಟ್ಟಿಸಿತು. ದಿನದ ಅಭ್ಯಾಸ. ಮುಖದಲ್ಲಿ ನಗು, ಕೈ ಮೇಲೆ.

ಯಾನಿಕ್ ತಕ್ಷಣ ಬ್ರೇಕ್ ಒತ್ತಿದ. ರಿಗ್ಮೋರ್ ಅವನ ಮೇಲೆ, ಅವಳ ಮೇಲೆ ಇನ್ನಿಬ್ಬರು ಬಿದ್ದರು. ಸೈಕಲ್ಲುಗಳು ನನ್ನ ಬೇಲಿಗೆ ಒರಗಿ ಬಿದ್ದವು. ಯಾನಿಕ್ ಭುಜ ಹಿಡಿದುಕೊಂಡು ನರಳುತ್ತಿದ್ದ. ವಿಲ್ಲಾಡ್ಸ್ ಮಾತ್ರ ನಿಲ್ಲಲಿಲ್ಲ. ಎದುರುಗಾಳಿಯಲ್ಲಿ ಹಿಂದಿನ ಸದ್ದು ಅವನಿಗೆ ಕೇಳಿಸಲಿಲ್ಲ. ಹಿಂದೆ ಎಲ್ಲರೂ ಬರುತ್ತಿದ್ದಾರೆಂದುಕೊಂಡು ಅದೇ ಹದದಲ್ಲಿ ತುಳಿಯುತ್ತಾ ಸೇತುವೆಯ ಕಡೆ ಹೋಗುತ್ತಿದ್ದ.

ಬಿದ್ದವರನ್ನು ಎಬ್ಬಿಸಲು ಬೇರೆ ಕೈಗಳಿದ್ದವು. ನಾನು ನನ್ನ ಸೈಕಲ್ ಹತ್ತಿದೆ.

ನನ್ನ ಮಂಡಿಗಳು ಹಳೆಯವು, ಸೈಕಲ್ಲು ಅವಕ್ಕಿಂತ ಹಳೆಯದು. ಹೆಸರು ಕೂಗಿದರೆ ಗಾಳಿ ಅದನ್ನು ನನ್ನ ಬಾಯಿಗೇ ತುರುಕುತ್ತಿತ್ತು. ಸ್ವಲ್ಪ ಹತ್ತಿರವಾದಾಗ ಬೆಲ್ ಬಾರಿಸಿದೆ. ಅವನು ನಮ್ಮ ನಿಯಮದಂತೆ ದಾರಿ ಕೊಡಲು ಇನ್ನಷ್ಟು ಬಲಕ್ಕೆ ಸರಿದ. ಹಳ್ಳ ಇದ್ದದ್ದು ಬಲಕ್ಕೇ. ಬೆಲ್ ಬಿಟ್ಟೆ.

ಸೇತುವೆಯ ನೆರಳಿನಲ್ಲಿ ಅವನ ಎಡಕ್ಕೆ ಬಂದೆ. ಕೈಚಾಚಿದರೆ ಸಿಗುವಷ್ಟು ಹತ್ತಿರ, ಆದರೆ ಅವನ ಲೋಕದಲ್ಲಿ ನಾನು ಇರಲಿಲ್ಲ. ಕೂಗಿದರೆ ಮತ್ತೆ ಕೈ ಎತ್ತುತ್ತಾನೆ ಅಷ್ಟೆ, ತೋಳು ಹಿಡಿದರೆ ಇಬ್ಬರೂ ಬೀಳುತ್ತೇವೆ. ಅವನಿಗೆ ಕಾಣುವ ಜಾಗ ಒಂದೇ ಒಂದು. ಹಲ್ಲು ಕಚ್ಚಿ ತುಳಿದೆ, ಅವನ ಮುಂದಕ್ಕೆ ಹೋದೆ, ಅವನ ಚಕ್ರದ ನೇರಕ್ಕೆ ಬಂದು ಕೈಯನ್ನು ಮೇಲೆತ್ತಿದೆ.

ಹಿಂದಿನಿಂದ ಅವನ ಬ್ರೇಕು ಕಿರುಚಿತು. ಅವನ ಮುಂದಿನ ಚಕ್ರ ನನ್ನ ಮಡ್‌ಗಾರ್ಡಿಗೆ ತಾಗಿ ನಿಂತಿತು. ಕೆಂಪು ಬಿಳಿ ಹಲಗೆ ನನ್ನ ಪೆಡಲ್ಲಿನ ಪಕ್ಕದಲ್ಲಿತ್ತು.

“ಯಾರದು? ಇಲ್ಯಾಕೆ ನಿಂತ್ರಿ?”

“ಗುಡ್ರುನ್. ಬಲಕ್ಕೆ ನೋಡು.”

ಅವನು ತಲೆಯನ್ನು ಪೂರ್ತಿ ತಿರುಗಿಸಿ ಹಳ್ಳವನ್ನು ನೋಡಿದ. ಆಮೇಲೆ ಹಿಂದಕ್ಕೆ ನೋಡಿದ. ದಾರಿ ಖಾಲಿ.

“ಉಳಿದೋರು?”

“ನಿಂತ್ರು. ನೀನು ಕೈ ಎತ್ತಿದೆಯಲ್ಲ.”

“ಅದು ನಿನಗೆ ಎತ್ತಿದ್ದು,” ಎಂದ. ಸೈಕಲ್ಲಿನಿಂದ ಇಳಿದು ಖಾಲಿ ದಾರಿಯ ಕಡೆಗೇ ತಿರುಗಿ ನಿಂತ.

ರಿಗ್ಮೋರ್ ಮೊಣಕೈಗೆ ಕರ್ಚೀಫು ಕಟ್ಟಿಕೊಂಡು ಬಂದಳು. “ಎಂಥ ಡ್ರೈವರೋ ನೀನು? ಇಂಜಿನ್ ಹೋಯ್ತು, ಬೋಗಿಗಳು ಅಲ್ಲೇ ಉಳಿದ್ವು,” ಎಂದವಳು ಹಳ್ಳವನ್ನು ಕಂಡು ಅವನ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡಳು.

ಯಾನಿಕ್‌ನ ಭುಜದ ಮೂಳೆ ಮುರಿದಿತ್ತು. ನನ್ನ ಅಂಗಳದಲ್ಲಿ ಉಳಿದವರಿಗೆ ಕಾಫಿ, ಬನ್ನು ಕೊಟ್ಟೆ. ಯಾರೂ ಕೇಳುವ ಮೊದಲೇ ವಿಲ್ಲಾಡ್ಸ್ ಎದ್ದು ನಿಂತು ಕಣ್ಣಿನ ಸಂಗತಿ ಹೇಳಿದ. ನೆಪ ಹೇಳಲಿಲ್ಲ. ಸೈಕಲ್ಲಿನ ಚೀಲದಲ್ಲಿದ್ದ ಬಣ್ಣದ ಡಬ್ಬಿ, ಬ್ರಶ್ಶು ರಿಗ್ಮೋರ್ ಕೈಗೆ ಕೊಟ್ಟ. “ಚಿಕ್ಕದಾಗಿ ಇಡು,” ಎಂದ. ಸಂಜೆ ಮಗಳಿಗೆ ಅವನೇ ಫೋನ್ ಮಾಡಿದ.

ಲಿಸ್ಬೆಟ್ ಆಗಸ್ಟಿನಲ್ಲಿ ಅಪ್ಪನನ್ನು ಕರೆದೊಯ್ಯಲು ಬಂದಳು. ಅವನ ಸೈಕಲ್ಲು ಅಷ್ಟರಲ್ಲಿ ಯಾನಿಕ್‌ಗೆ ಹೋಗಿತ್ತು. ಕಾರು ನನ್ನ ಗೇಟಿನ ಮುಂದೆ ನಿಂತಿತು. ವಿಲ್ಲಾಡ್ಸ್ ಇಳಿದು ಕಂಬವನ್ನು ತಡಕಿ, ತಟ್ಟೆಯಗಲದ ಬೊಟ್ಟಿನ ಮೇಲೆ ಅಂಗೈ ಇಟ್ಟ. ನಾನು ಪಕ್ಕದಲ್ಲಿದ್ದೆ. ಅವನಿಗೆ ಕಾಣಲೆಂದು ಎದುರಿಗೆ ಬಂದು ನಿಂತೆ.

“ಅಪ್ಪಾ, ಹೊತ್ತಾಗ್ತಿದೆ,” ಎಂದಳು ಮಗಳು.

“ಒಂದು ಮಾತು ಕೇಳ್ಬೇಕಿತ್ತು ಗುಡ್ರುನ್,” ಎಂದ. “ಇಷ್ಟು ವರ್ಷ ನಾನು ಇಲ್ಲಿ ಹಾಯೋವಾಗ ಕೈ ಎತ್ತುತಿದ್ನಲ್ಲ, ಆಗ ನೀನೂ ಎತ್ತುತಿದ್ದೆಯಾ?”