ಪಂದ್ಯಕ್ಕೆ ಮುಂಚೆ ನಾನು ಬರೆದ ವರದಿ

ಗಲ್ಫಿನ ಜುಫೈರಿನಲ್ಲಿ ಬಿಲ್ಡಿಂಗುಗಳ ನಡುವೆ ಇನ್ನೂ ಖಾಲಿ ಮರಳುಜಾಗ ಉಳಿದಿದ್ದ ದಿನಗಳವು. ವಾರದ ರಜೆ ಗುರುವಾರ, ಶುಕ್ರವಾರದಿಂದ ಶುಕ್ರವಾರ, ಶನಿವಾರಕ್ಕೆ ಬದಲಾಗಿ ಹೆಚ್ಚು ಕಾಲ ಆಗಿರಲಿಲ್ಲ; ಅಪ್ಪ ಕೆಲವು ಗುರುವಾರ ರಜೆಯೆಂದೇ ತಿಳಿದು ಹಾಸಿಗೆಯಲ್ಲಿ ಬಿದ್ದಿರುತ್ತಿದ್ದರು. ಊರಲ್ಲಿದ್ದ ನಮ್ಮ ಓರಗೆಯವರು ಲಗೋರಿ, ಕ್ರಿಕೆಟ್ ಆಡಿ ಬೆಳೆದರು. ನಮ್ಮ ಪಾಲಿಗೆ ಬಂದದ್ದು ಅಮೆರಿಕನ್ ಫುಟ್‌ಬಾಲ್. ನನ್ನ ಗ್ರಹಚಾರ, ಇನ್ನೇನು ಹೇಳಲಿ.

ಅದನ್ನು ತಂದವನು ಮೂರನೇ ಮಹಡಿಯ ಟೈಲರ್. ಅವನ ಅಪ್ಪನಿಗೆ ಅಲ್ಲೇ ಹತ್ತಿರದ ಅಮೆರಿಕನ್ ನೌಕಾನೆಲೆಯಲ್ಲಿ ಕೆಲಸ. ಎರಡೂ ತುದಿ ಚೂಪಾದ ಆ ಚೆಂಡು ಅವನದೇ, ನಿಯಮಗಳೂ ಅವನವೇ. ನಾಲ್ಕು ಹೆಜ್ಜೆ ಓಡುವುದು, ನಿಲ್ಲುವುದು, ಗುಂಪು ಕಟ್ಟಿಕೊಂಡು ಪಿಸುಗುಟ್ಟುವುದು, ಮತ್ತೆ ನಾಲ್ಕು ಹೆಜ್ಜೆ. ನೋಡುವವರ ತಾಳ್ಮೆ ಪರೀಕ್ಷೆ ಮಾಡಲೆಂದೇ ಕಂಡುಹಿಡಿದ ಆಟವದು. ಎದುರಾಳಿಯನ್ನು ಕೆಡವುವಂತಿರಲಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡ ಬಟ್ಟೆಪಟ್ಟಿ ಕಿತ್ತರೆ ಸಾಕಿತ್ತು. ಆ ಪಟ್ಟಿಗಳಿಗಾಗಿ ಅಮ್ಮನ ಮೆರೂನ್ ಬಣ್ಣದ ಹಳೇ ಕಾಟನ್ ಸೀರೆ ತುಂಡುತುಂಡಾಯಿತು.

ನಮ್ಮ ಬಿಲ್ಡಿಂಗಿನ ತಂಡ ಸ್ಕಾರ್ಪಿಯನ್ಸ್, ಎದುರು ಬಿಲ್ಡಿಂಗಿನದು ಕ್ಯಾಮಲ್ಸ್. ಹದಿನಾಲ್ಕು ವರ್ಷದ ನನ್ನ ಅಣ್ಣ ರಕ್ಷಿತ್ ಸ್ಕಾರ್ಪಿಯನ್ಸ್‌ನಲ್ಲಿದ್ದ. ಇಡೀ ಚಳಿಗಾಲ ಅವನಿಗೆ ಸಿಕ್ಕಿದ್ದು ಒಂದೇ ಕೆಲಸ: ಬಗ್ಗಿ ನಿಂತು ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಿದ್ದ ಟೈಲರನಿಗೆ ಕೊಡುವುದು. ಎಸೆಯುವವನು ಟೈಲರ್, ಚಪ್ಪಾಳೆಯೂ ಟೈಲರನಿಗೆ. ಆದರೂ ಅಣ್ಣ ದಿನಾ ಸಂಜೆ ಟೆರೇಸಿನಲ್ಲಿ ಒಬ್ಬನೇ ನೀರಿನ ಟ್ಯಾಂಕಿನ ಕಡೆ ಗುರಿಯಿಟ್ಟು ಚೆಂಡು ಎಸೆದು ಅಭ್ಯಾಸ ಮಾಡುತ್ತಿದ್ದ.

ಅಷ್ಟರಲ್ಲಿ ಟೈಲರನ ಅಪ್ಪನಿಗೆ ವರ್ಗವಾಯಿತು. ಇನ್ನೆರಡು ವಾರದಲ್ಲಿ ಅವರು ಹೊರಡುವವರಿದ್ದರು, ಚೆಂಡೂ ಅವರ ಜೊತೆ ಹೋಗುತ್ತಿತ್ತು. ಉಳಿದದ್ದು ಕ್ಯಾಮಲ್ಸ್ ಎದುರಿನ ಕೊನೆಯ ಪಂದ್ಯ. ಅದರಲ್ಲಿ ಒಂದೇ ಒಂದು ಸಲ ರಕ್ಷಿತ್ ಎಸೆಯಲಿ ಎಂದು ಟೈಲರ್ ಒಪ್ಪಿದ್ದ. ಅಣ್ಣ ಆ ವಾರ ಊಟಕ್ಕೆ ಕೂತರೂ ಕೂತಂತಿರಲಿಲ್ಲ.

ನನ್ನ ತಲೆನೋವು ಬೇರೆಯೇ ಇತ್ತು. ಶುಕ್ರವಾರ ಬೆಳಿಗ್ಗೆ ಮಾಲತಿ ಟೀಚರ್ ಮನೆಯಲ್ಲಿ ಕನ್ನಡ ಕ್ಲಾಸು. ಮೈಸೂರಿನವರು. ಚಪ್ಪಲಿ ಸ್ಟ್ಯಾಂಡಿನ ಪಕ್ಕದ ಗೋಡೆಗೆ ಮಕ್ಕಳ ಗೋಡೆಪತ್ರಿಕೆ ಅಂಟಿಸುತ್ತಿದ್ದರು, ನಾವೆಲ್ಲ ಸರದಿಯಲ್ಲಿ ಬರೆಯಬೇಕು. ಈ ಸಲ ನನ್ನ ಸರದಿ, ವಿಷಯ 'ಮುಂದಿನ ವಾರ ನಡೆಯಲಿರುವ ಒಂದು ಘಟನೆ'. ನಾನು ಮೂರು ಸಾಲು ಬರೆದುಕೊಟ್ಟೆ.

ಟೀಚರ್ ಕನ್ನಡಕದ ಮೇಲಿಂದ ನೋಡಿದರು. "ಇದೇನಮ್ಮ, ಶುಕ್ರವಾರ ಆಟ ಇದೆ, ಜೋರಾಗಿರುತ್ತೆ ಅಂತ? ಇದನ್ನ ವರದಿ ಅಂತಾರಾ? ಯಾರು ಎಲ್ಲಿ ನಿಲ್ತಾರೆ, ಏನು ಮಾಡ್ತಾರೆ, ಎಲ್ಲಾ ವಿವರವಾಗಿ ಬರೀಬೇಕು. ಓದಿದೋರಿಗೆ ಕಣ್ಣಿಗೆ ಕಟ್ಟಿದ ಹಾಗಿರಬೇಕು. ಹೋಗು, ಅಲ್ಲೇ ಕೂತು ಇನ್ನೊಂದು ಸಲ ಬರಿ."

ವಿವರ ಬೇಕಂತೆ. ವಿವರ ನನ್ನ ಹತ್ತಿರ ಬೇಕಾದಷ್ಟಿತ್ತು. ಹಿಂದಿನ ಸಂಜೆಯಷ್ಟೇ ಅಣ್ಣ ಊಟದ ಮೇಜಿನ ಮೇಲೆ ಕಡಲೆಕಾಳು ಹರಡಿ, ಖುಬ್ಬೂಸ್ ರೊಟ್ಟಿಯ ಚೂರನ್ನು ಚೆಂಡು ಮಾಡಿ, ತಂತ್ರವನ್ನೆಲ್ಲ ತೋರಿಸಿದ್ದ. ಟೈಲರ್ ಚೆಂಡು ಹಿಡಿದು ಬಲಕ್ಕೆ ಓಡುವವನಂತೆ ನಟಿಸಿ, ಗುಟ್ಟಾಗಿ ಅದನ್ನು ಅಣ್ಣನ ಕೈಗೆ ದಾಟಿಸುತ್ತಾನೆ. ಎಲ್ಲರೂ ಟೈಲರನ ಬೆನ್ನು ಹತ್ತುತ್ತಾರೆ. ಎಡತುದಿಯಲ್ಲಿ ನಮ್ಮ ತಂಡದ ಸಲ್ಮಾನ್ ಶೂ ಲೇಸ್ ಕಟ್ಟುವವನ ಹಾಗೆ ಬಗ್ಗಿರುತ್ತಾನೆ. ತಟ್ಟನೆ ಎದ್ದು ಓಡಿದ ಅವನಿಗೆ ಅಣ್ಣ ಉದ್ದಕ್ಕೆ ಎಸೆಯುತ್ತಾನೆ.

"ಯಾರಿಗೂ ಹೇಳ್ಬೇಡ ಮಾರಾಯ್ತಿ," ಎಂದಿದ್ದ. "ನಿಂಗೆ ಮಾತ್ರ ಹೇಳಿದ್ದು."

ನಾನು ಯಾರಿಗೂ ಹೇಳಲಿಲ್ಲ. ಬರೆದೆ. ಕ್ಯಾಮಲ್ಸ್ ಆಟಗಾರರಲ್ಲಿ ಇಬ್ಬರು ಅಮೆರಿಕದವರು, ಒಬ್ಬ ಫಿಲಿಪಿನೋ, ಇಬ್ಬರು ಮಲಯಾಳಿಗಳು. ಕನ್ನಡದವನು ನಿಖಿಲ್ ಒಬ್ಬನೇ, ನಮ್ಮ ಕ್ಲಾಸಿಗೇ ಬರುತ್ತಿದ್ದರೂ ಅವನಿಗೆ ಕನ್ನಡದ ಒಂದಕ್ಷರವೂ ಓದಲು ಬಾರದು. ಕನ್ನಡದಲ್ಲಿ ಬರೆಯುವುದೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದೂ ಒಂದೇ ಎಂದು ಹನ್ನೊಂದು ವರ್ಷದ ನಾನು ನಂಬಿದ್ದೆ. ಪುಟ ತುಂಬ ಬರೆದೆ, ಕಡಲೆಕಾಳಿನ ಜಾಗದಲ್ಲಿ ಚುಕ್ಕೆಯಿಟ್ಟು ಚಿತ್ರ ಬಿಡಿಸಿದೆ. ಕೊನೆಗೆ ವರದಿಗಾರರ ಗತ್ತಿನಲ್ಲಿ, 'ಸಲ್ಮಾನ್ ಲೇಸ್ ಕಟ್ಟಲು ಬಗ್ಗಿದಾಗ ಪ್ರೇಕ್ಷಕರು ಎಡಗಡೆ ಕಣ್ಣಿಡುವುದು ಒಳ್ಳೆಯದು' ಎಂದೂ ಸೇರಿಸಿದೆ. ಟೀಚರ್ ಮೂರು ಸ್ಟಾರ್ ಕೊಟ್ಟರು.

ಮುಂದಿನ ಶುಕ್ರವಾರ ಸಂಜೆ ನಾಲ್ಕಕ್ಕೆ ಪಂದ್ಯ. ಮರಳಿಗೆ ಬಿಸಿಲಿನ ವಾಸನೆ, ಮೂಲೆಯಂಗಡಿಯಿಂದ ಶವರ್ಮದ ಘಮ. ಅಮ್ಮ ಗೋಳಿಬಜೆ ಮಾಡಿ ಡಬ್ಬದಲ್ಲಿ ತಂದಿದ್ದರು. ಎರಡೂ ಬಿಲ್ಡಿಂಗಿನವರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಮ್ಮನ ಪಕ್ಕದಲ್ಲಿ ನಿಖಿಲನ ಅಮ್ಮ ವಿನಯಾ ಆಂಟಿ.

ಆಟ ಸಮಸಮವಾಗಿಯೇ ಸಾಗಿತ್ತು. ಕೊನೆಯ ಹೊತ್ತಿಗೆ ಅಣ್ಣ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ಸಲ್ಮಾನ್ ಎಡತುದಿಗೆ ಹೋಗಿ ಬಗ್ಗಿದ. ಕೂಡಲೇ ಕ್ಯಾಮಲ್ಸ್‌ನ ಇಬ್ಬರು ಬಂದು ಅವನ ಆಚೆ ಈಚೆ ನಿಂತರು. ನಿಖಿಲ್ ಮೊಣಕಾಲೂರಿ, "ಲೇಸ್ ನಾನೇ ಕಟ್ಟಿಕೊಡ್ಬೇಕಾ?" ಎಂದು ಹಿಂದಿಯಲ್ಲಿ ಕೇಳಿದ. ಟೈಲರ್ ಬಲಕ್ಕೆ ಓಡಿದ, ಅವನ ಹಿಂದೆ ಒಬ್ಬನೂ ಹೋಗಲಿಲ್ಲ. ಚೆಂಡು ಅಣ್ಣನ ಕೈಯಲ್ಲಿತ್ತು. ಅವನು ಎಡಕ್ಕೆ ನೋಡಿದ, ಕೈ ಮೇಲೆತ್ತಿದ, ಎಸೆಯಲು ಯಾರೂ ಇರಲಿಲ್ಲ. ಎತ್ತಿದ ಕೈ ಹಾಗೇ ಇರುವಾಗ ಯಾರೋ ಬಂದು ಸೊಂಟದ ಪಟ್ಟಿ ಕಿತ್ತರು. ಮುಂದಿನ ಸರದಿಯಲ್ಲಿ ಕ್ಯಾಮಲ್ಸ್ ಗೆದ್ದರು.

ಆಟಗಾರರು ನೀರು ಕುಡಿಯಲು ಬಂದಾಗ ವಿನಯಾ ಆಂಟಿ ನನ್ನ ಕೆನ್ನೆ ಚಿವುಟಿದರು. ಪಾಪ, ಅವರದು ನಿಜವಾದ ಸಂತೋಷ. "ಎಂತ ಚಂದ ಬರೀತಾಳೆ ನಿಮ್ಮ ಮಗಳು. ನಿಖಿಲನನ್ನು ಕರ್ಕೊಂಡು ಬರ್ಲಿಕ್ಕೆ ಹೋದಾಗ ಗೋಡೆಯಲ್ಲಿ ನೋಡಿದೆ. ನಂಗೆ ಈ ಆಟ ಅರ್ಥ ಆದದ್ದೇ ಅದು ಓದಿದ ಮೇಲೆ. ನೋಡಿ ಕಲಿ ಅಂತ ಇವನಿಗೂ ಎರಡು ಸಲ ಓದಿ ಹೇಳಿದೆ."

ಬಾಟಲಿ ಎತ್ತಿದ್ದ ಅಣ್ಣ ಕೈ ಇಳಿಸಿದ. "ನೀನು ಬರ್ದದ್ದಾ?"

"ಕನ್ನಡದಲ್ಲಿ ಅಲ್ವಾ ಬರ್ದದ್ದು," ಎಂದೆ.

ಅವನು ಬೈಯಲಿಲ್ಲ, ಹೊಡೆಯಲೂ ಇಲ್ಲ. ಹೊಡೆದಿದ್ದರೆ ಅಮ್ಮನಿಗೆ ದೂರು ಕೊಟ್ಟು ಅಲ್ಲಿಗೇ ಮುಗಿಸಬಹುದಿತ್ತು. ಬಾಟಲಿ ಕೆಳಗಿಟ್ಟು ಮನೆಯ ಕಡೆ ನಡೆದ. ಅವನಿಗೆಂದು ತೆಗೆದಿಟ್ಟಿದ್ದ ಗೋಳಿಬಜೆ ಡಬ್ಬದಲ್ಲೇ ಆರಿತು. ಮರುವಾರ ಟೈಲರ್ ಹೊರಟುಹೋದ. ಅಣ್ಣ ಪಂದ್ಯದಲ್ಲಿ ಆ ಚೆಂಡನ್ನು ಎಸೆಯಲೇ ಇಲ್ಲ.

ಆ ಮರಳುಜಾಗದಲ್ಲಿ ಈಗ ಇಪ್ಪತ್ತು ಮಹಡಿಯ ಫ್ಲಾಟುಗಳಿವೆ. ಹೋಗಲಿ, ಜಾಗ ಹೋದದ್ದಕ್ಕೆ ನನಗೇನೂ ಅಷ್ಟು ಬೇಜಾರಿಲ್ಲ. ಅಣ್ಣ ಈಗ ಮಸ್ಕತ್ತಿನಲ್ಲಿದ್ದಾನೆ. ಭಾನುವಾರಕ್ಕೊಮ್ಮೆ ಫೋನ್ ಮಾಡುತ್ತಾನೆ, ನಗಿಸುತ್ತಾನೆ, ನನ್ನ ಮಕ್ಕಳಿಗೆ ಉಡುಗೊರೆ ಕಳಿಸುತ್ತಾನೆ. ಆದರೆ ಅವನು ಕೆಲಸ ಬಿಟ್ಟದ್ದು ನನಗೆ ಗೊತ್ತಾದದ್ದು ಬೇರೆ ಕೆಲಸ ಸಿಕ್ಕಿದ ಮೇಲೆ. ಹುಡುಗಿಯ ವಿಷಯ ಗೊತ್ತಾದದ್ದು ನಿಶ್ಚಿತಾರ್ಥಕ್ಕೆ ದಿನ ಇಟ್ಟ ಮೇಲೆ, ಅದೂ ಅಮ್ಮನ ಬಾಯಿಂದ. ಕಳೆದ ವರ್ಷ ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಫೋನ್ ಮಾಡಿದ. "ಮೊದಲೇ ಯಾಕೆ ಹೇಳ್ಲಿಲ್ಲ?" ಎಂದು ರೇಗಿದೆ. "ಎಂತದೂ ಇಲ್ಲ ಮಾರಾಯ್ತಿ, ಮರ್ತೇ ಹೋಯ್ತು," ಎಂದ.

ಹನ್ನೊಂದು ವರ್ಷದ ಹುಡುಗಿ ಬರೆದ ಒಂದು ಪುಟಕ್ಕೆ ಇನ್ನೂ ಶಿಕ್ಷೆಯೇನೋ ಎಂದು ಅವನನ್ನು ಕೇಳಿಬಿಡಬೇಕು ಎಂದು ಎಷ್ಟೋ ಸಲ ಅನಿಸಿದೆ. ಕೇಳಿಲ್ಲ. ಹೌದು ಎಂದುಬಿಟ್ಟರೆ ಏನು ಮಾಡಲಿ?