ಸದ್ದಿಲ್ಲದ ಕಾರು, ಕಡಿದ ಪಾವು

ಟಕ್‌ಟಕ್, ಟಕ್‌ಟಕ್. ಸೇಲಂನ ಆ ನೇಕಾರರ ಬೀದಿಯಲ್ಲಿ ಬೆಳಕು ಹರಿಯುವ ಮೊದಲೇ ಲಾಳಿ ಓಡುವ ಸದ್ದು ಶುರುವಾಗುತ್ತದೆ. ಅಲ್ಲೇ ಹುಟ್ಟಿ ಬೆಳೆದವರಿಗೆ ಅದು ಕೇಳಿಸುವುದಿಲ್ಲ. ನಿಂತಾಗ ಮಾತ್ರ ಕೇಳಿಸುತ್ತದೆ. ಯಾರ ಮನೆಯ ಮಗ್ಗ ಸುಮ್ಮನಾಯಿತೋ ಆ ಮನೆಯ ಕಡೆ ತಲೆಗಳು ತಿರುಗುತ್ತವೆ. ನೂಲು ಕಡಿಯಿತೇ, ಜ್ವರವೇ, ಜಗಳವೇ? ಸದ್ದಿಲ್ಲದ್ದನ್ನು ಆ ಬೀದಿ ನಂಬುವುದಿಲ್ಲ.

ಅಂಥ ಬೀದಿಗೆ ಜ್ಯೋತಿಲಕ್ಷ್ಮಿ ಬೂದಿ ಬಣ್ಣದ ಹೈಬ್ರಿಡ್ ಸೆಡಾನ್ ತಂದಳು. ಅವಳ ಕೆಲಸ ಧರ್ಮಪುರಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ. ಬಸ್ಸಿನಲ್ಲಿ ನಿಂತು ನಿಂತು ಸೊಂಟ ಸೋತಿತ್ತು.

ಮೊದಮೊದಲು ಅವಳೇ ಕಾರನ್ನು ನಂಬಲಿಲ್ಲ. ಬಟನ್ ಒತ್ತಿದರೆ ದೀಪ ಹತ್ತುತ್ತಿತ್ತು, ಇಂಜಿನ್ ಮಾತಾಡುತ್ತಿರಲಿಲ್ಲ. ಸ್ಟಾರ್ಟ್ ಆಗಿಲ್ಲವೆಂದು ಇನ್ನೊಮ್ಮೆ ಒತ್ತಿ, ನಿಜಕ್ಕೂ ಆಫ್ ಮಾಡಿಬಿಡುತ್ತಿದ್ದಳು. ಸಂಜೆ ತೊಪ್ಪೂರು ಘಾಟಿ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ತೆರೆಯ ಮೇಲೆ ಬ್ಯಾಟರಿಯ ಗೆರೆಗಳು ತಾವಾಗಿಯೇ ಏರುತ್ತಿದ್ದವು. ಇಷ್ಟು ಸುಲಭವಾಗಿ ಯಾರು ಏನನ್ನು ಕೊಡುತ್ತಾರೆ ಎಂದು ಅವಳು ಅದನ್ನೂ ಓರೆಗಣ್ಣಿನಿಂದಲೇ ನೋಡುತ್ತಿದ್ದಳು. ಘಾಟಿ ಕೊಟ್ಟದ್ದರಲ್ಲಿ ಉಳಿದ ಚೂರು ಚಾರ್ಜಿನಲ್ಲೇ ಕಾರು ಬೀದಿಯ ತಿರುವು ದಾಟಿ, ಬೆಕ್ಕಿನಂತೆ ಬಂದು ಮನೆ ಮುಂದೆ ನಿಲ್ಲುತ್ತಿತ್ತು.

"ಚಾರ್ಜು ಎಲ್ಲಿ ಆಕ್ತೀಯಮ್ಮಾ?" ಪಕ್ಕದ ಮನೆಯ ಗೋವಿಂದರಾಜು ಒಂದು ದಿನ ತಡೆದು ಕೇಳಿದ.

"ಆಕೋದೇ ಇಲ್ಲ ಮಾಮಾ. ಓಡ್ತಾ ಓಡ್ತಾ ಅದೇ ಮಾಡ್ಕೊತೈತೆ."

"ಅದೇ ಮಾಡ್ಕೊತೈತಾ! ನಮ್ಮನೆ ಮಗ್ಗನೂ ಅಂಗೇ ನೇಯ್ಕೊಂಡ್ರೆ ನಾನ್ ಕಾಲ್ ನೀಡ್ಕೊಂಡ್ ಮಲಗ್ತಿದ್ದೆ."

ನಕ್ಕ, ಆದರೆ ಬಿಡಲಿಲ್ಲ. ಕಾರನ್ನು ಒಂದು ಸುತ್ತು ಹಾಕಿದ, ಬಗ್ಗಿ ಅಡಿ ನೋಡಿದ, ಆಮೇಲೆ ಕರೆಂಟು ಕದ್ದಿದ್ದಾಳೋ ಎಂದು ಬೀದಿ ಕಂಬದಿಂದ ಅವಳ ಮನೆಗೆ ಬರುವ ವೈರನ್ನು ತುದಿಯವರೆಗೂ ಕಣ್ಣಿನಲ್ಲೇ ಹಿಂಬಾಲಿಸಿದ. ನಲ್ಲಿಯ ಹತ್ತಿರ ಹೆಂಗಸರು ಬೇರೆಯೇ ಲೆಕ್ಕ ಹಾಕಿದ್ದರು: ಜಗಲಿ ಮಾತು ಕದ್ದು ಕೇಳಕ್ಕೇ ಅಂಥ ವಂಡಿ ತಕ್ಕೊಂಡವ್ಳೆ.

ಇದನ್ನೆಲ್ಲ ಅವಳು ನಕ್ಕು ತಳ್ಳಿಹಾಕಿದ್ದಳು. ತಳ್ಳಿಹಾಕಲಾಗದ್ದು ಪಾವಿನ ವಿಷಯ.

ಪಾವು ಎಂದರೆ ಮಗ್ಗಕ್ಕೆ ಏರಿಸುವ ಹಾಸುನೂಲು. ಅದನ್ನು ಬೆಳಿಗ್ಗೆ ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಬ್ರಷ್ಷಿನಿಂದ ತೀಡಿ ಒಣಗಿಸುತ್ತಾರೆ. ಒಂದು ಮನೆಯ ಕೈಗಳು ಅದಕ್ಕೆ ಸಾಲವು. ಕರೆಸಿಕೊಂಡವರು ಬಂದು, ನೂಲನ್ನು ಬಿಗಿಯಾಗಿಡುವ ತುದಿಯ ಕೋಲು ಹಿಡಿಯಬೇಕು. ಎದುರುಮನೆಯ ಚಿನ್ನತಾಯಿಯ ಪಾವಿಗೆ ಒಂದು ತುದಿಯ ಕೋಲನ್ನು ಯಾವತ್ತೂ ಜ್ಯೋತಿಲಕ್ಷ್ಮಿಯ ತಾಯಿ ಹಿಡಿಯುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ರಜೆಯ ದಿನಗಳಲ್ಲಿ ಮಗಳನ್ನು ಕರೆಯುತ್ತಿದ್ದರು. ಅವಳ ಮನೆಯಲ್ಲಿ ಮಗ್ಗ ನಿಂತುಹೋಗಿತ್ತು. ಬೀದಿಯಲ್ಲಿ ಅವಳಿಗೆಂದು ಉಳಿದದ್ದು ಆ ಕೋಲಿನ ತುದಿ ಮಾತ್ರ.

ಒಂದು ಸಂಜೆ ಕೆಲಸದಿಂದ ಬಂದಾಗ ಚಿನ್ನತಾಯಿಯ ಬಾಗಿಲಲ್ಲಿ ಜನ ನಿಂತಿದ್ದರು. ಬೆಳಿಗ್ಗೆ ಕಟ್ಟಿದ ಹಳದಿ ಪಾವಿನಲ್ಲಿ ಒಂದು ಅಂಚು ಗೇಣಗಲ ಕಡಿದುಹೋಗಿತ್ತು. ಚಿನ್ನತಾಯಿಯ ಗಂಡ ಅರುಣಾಚಲಂ ಜಗಲಿಯ ಮೇಲೆ ತಲೆ ಎತ್ತದೆ ಎಳೆಗೆ ಎಳೆ ಗಂಟು ಹಾಕುತ್ತಿದ್ದ.

"ಎಲ್ಲಾ ಕಾಪಿಗೆ ಒಳಗ್ ಓಗಿದ್ವಿ," ಎಂದಳು ಚಿನ್ನತಾಯಿ. "ಯಾವ ವಂಡಿ ಸದ್ದೂ ಸತ್ತಮೂ ಕೇಳ್ಲಿಲ್ಲ. ಸತ್ತಂ ಇಲ್ದೆ ಬರೋದು ಈ ಬೀದೀಲಿ ಒಂದೇ ಅಲ್ವಾ?"

ಎಲ್ಲರೂ ಕಾರನ್ನು ನೋಡಿದರು. ಆ ಬೀದಿಯ ಕಿವಿಗಳಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

"ನಾನು ಬೆಳಿಗ್ಗೆ ಬೀದಿ ಅಂಚಲ್ಲೇ ಓದೆ ಅತ್ತೆ. ಪಾವಿನ್ ಅತ್ರನೂ ಓಗ್ಲಿಲ್ಲ."

"ವಂಡಿ ಓಡ್ತಾ ಐತೋ ನಿಂತೈತೋ ನಂಗೇ ತಿಳಿಯಲ್ಲ ಅಂತ ನೀನೇ ಅಂದ್ಯಲ್ಲ? ನೂಲ್ ಕಡ್ದಿದ್ದು ತಿಳಿದ್ಬುಡ್ತೈತಾ?"

ಕಾರು ತಂದ ಹೊಸದರಲ್ಲಿ ಅವಳು ಹಾಗೆ ಅಂದದ್ದು ನಿಜ.

ಚಿನ್ನತಾಯಿಯ ಮಗ ಸೆಲ್ವಂ ಬೈಕಿನ ಮೇಲೆ ಕೂತಿದ್ದ. "ಅಕ್ಕಾ, ಎತ್ತಿಗ್ ಕಟ್ಟಿದಂಗೆ ಒಂದ್ ಗಂಟೆ ಕಟ್ಬುಡು ಅದ್ಕೆ!" ಎಂದು ನಕ್ಕು, ಬೈಕನ್ನು ಬಡಬಡನೆ ಓಡಿಸಿಕೊಂಡು ಹೋದ. ಹೊತ್ತುಗೊತ್ತಿಲ್ಲದೆ ಬೀದಿ ಹಾಯುವ ಬೈಕು ಅದು. ಯಾರೂ ತಿರುಗಿ ನೋಡಲಿಲ್ಲ.

ಅವಳು ಮೊಬೈಲ್ ಟಾರ್ಚ್ ಹಿಡಿದು ಟಯರುಗಳನ್ನು ನೋಡಿದಳು. ಒಂದು ಎಳೆಯೂ ಇರಲಿಲ್ಲ. ಆದರೂ ಬೆಳಿಗ್ಗೆ ಚಕ್ರ ಎಲ್ಲಿ ತಿರುಗಿತ್ತು, ಕನ್ನಡಿ ನೋಡಿದ್ದೆನೇ ಎಂದು ಅನುಮಾನ ಕೊರೆಯತೊಡಗಿತು. ಮುಂದಿನ ಭಾನುವಾರ ಪಾವು ಕಟ್ಟಿದರು, ಅವಳನ್ನು ಕರೆಯಲಿಲ್ಲ. ಅಮ್ಮನ ಕೋಲಿನ ಮೇಲೆ ಬೇರೆಯವರ ಕೈಯನ್ನು ಅವಳು ಕಿಟಕಿಯಿಂದ ನೋಡಿದಳು. ಅಂದಿನಿಂದ ತಿರುವಿನಲ್ಲೇ ಹಾರ್ನ್ ಹೊಡೆಯುತ್ತಾ ಬರತೊಡಗಿದಳು. ಅದಕ್ಕೂ ಜಗಲಿಯಿಂದ ಮಾತು ಬಂತು: "ಓ, ಕೋಪನಾ!"

ಕೆಲವು ದಿನಗಳ ಮೇಲೆ ಒಂದು ಸಂಜೆ ಬೀದಿಯವರೆಲ್ಲ ಮದುವೆ ರಿಸೆಪ್ಷನ್ನಿಗೆ ಹೋಗಿದ್ದರು. ಕೇಳುವವರಿಲ್ಲವೆಂದು ಅವಳು ಹಾರ್ನ್ ಹೊಡೆಯಲಿಲ್ಲ. ಕಾರು ತನ್ನ ಪಾಡಿಗೆ ಬಂದು ನಿಂತಿತು.

ಎದುರಿಗೆ ಸೆಲ್ವಂನ ಬೈಕು ಸ್ಟ್ಯಾಂಡ್ ಹಾಕಿ ನಿಂತಿತ್ತು. ಅದರ ಹಿಂದಿನ ಚಕ್ರದ ಪಕ್ಕ, ಮದುವೆಗೆ ಹೋಗದೆ ಉಳಿದ ಚಿನ್ನತಾಯಿ ಕುಕ್ಕರುಗಾಲಲ್ಲಿ ಕೂತು, ನೂಲು ಎಳೆಯುವ ಕೊಕ್ಕೆಯಿಂದ ಏನನ್ನೋ ಕೀಳುತ್ತಿದ್ದಳು. ಮಡಿಲಿನಲ್ಲಿ ಗ್ರೀಸ್ ಮೆತ್ತಿದ ಹಳದಿ ಎಳೆಗಳು.

ಎಲ್ಲರಿಗೂ ಕೇಳಿಸಿದ್ದ ಬೈಕಿನ ಸದ್ದು, ಕೇಳಿ ಕೇಳಿ ಯಾರಿಗೂ ಕೇಳಿಸದೆ ಹೋಗಿತ್ತು.

ಕಾರಿನ ಬಾಗಿಲು ತೆರೆದ ಮೇಲೆಯೇ ಚಿನ್ನತಾಯಿ ತಿರುಗಿದ್ದು. "ಯಾವಾಗ್ ಬಂದೆ?"

"ಈಗ್ತಾನೆ."

ಚಿನ್ನತಾಯಿ ಎಳೆಗಳನ್ನು ಮುಷ್ಟಿಯಲ್ಲಿ ಮುಚ್ಚಿದಳು. "ಸೆಲ್ವಂ ಅಪ್ಪಂಗೆ ತಿಳಿದ್ರೆ ವಂಡಿ ಮಾರ್ಬುಡ್ತಾರೆ ಜ್ಯೋತಿ. ಅವ್ನನ್ನೂ ಮನೆಗ್ ಸೇರ್ಸಲ್ಲ." ಆಮೇಲೆ ದನಿ ಇಳಿಸಿದಳು. "ಭಾನ್ವಾರ ಪಾವು ಐತೆ. ನೀನ್ ಬಂದು ಕೋಲ್ ಇಡ್ಕೋ. ನಿಮ್ಮಮ್ಮನ್ ಜಾಗ ಅಲ್ವಾ ಅದು?"

ಇಷ್ಟು ದಿನ ಅವಳು ಕಾದದ್ದು ಆ ಮಾತಿಗೇ. ಚಿನ್ನತಾಯಿಯ ಬೆರಳ ಸಂದಿನಿಂದ ಒಂದು ಎಳೆ ಇನ್ನೂ ಜೋತಾಡುತ್ತಿತ್ತು.

"ಬೀದಿಯೋರ್ಗೆ ಏನ್ ಏಳ್ತೀರಿ ಅತ್ತೆ?"

"ಏನ್ ಏಳೋದು? ಓಗ್ಲಿ ಪಾಪ, ಮನ್ನಿಸ್ಬುಟ್ಟೆ ಅಂತೀನಿ."

ಜ್ಯೋತಿಲಕ್ಷ್ಮಿ ಕಾರಿನಿಂದ ಊಟದ ಡಬ್ಬಿ ಎತ್ತಿಕೊಂಡು ಬಾಗಿಲನ್ನು ಮೆಲ್ಲಗೆ ಒತ್ತಿ ಮುಚ್ಚಿದಳು.

"ಬರ್ತೀನಿ ಅತ್ತೆ. ಆದ್ರೆ ಎಲ್ರ ಮುಂದೆ ನೀವು ಮನ್ನಿಸ್ದೆ ಅಂದಾಗ, ನಾನ್ ಆ ಕೋಲ್ ಇಡ್ಕೊಂಡು ಸುಮ್ನೆ ನಿಂತಿರಲ್ಲ," ಎಂದು ತನ್ನ ಮನೆಯ ಕಡೆ ನಡೆದಳು.