ಮೂರು ಚೆಂಡಿನ ಪಂದ್ಯ

ನಾನು ಆಡಿದ ಕೊನೆಯ ಪಂದ್ಯದಲ್ಲಿ ಚೆಂಡು ಮೂರು, ಆಟಗಾರರು ಇಬ್ಬರು, ಮೈದಾನವೆಂದರೆ ಆಸ್ಪತ್ರೆಯ ಎರಡು ಹಾಸಿಗೆ. ಆಟಗಾರರಲ್ಲಿ ಒಬ್ಬ ನಾನು, ರೆಫರಿಯೂ ನಾನೇ. ಇಂಥ ಪಂದ್ಯವನ್ನು ಯಾವ ಕ್ರೀಡಾಕೂಟದವರೂ ಒಪ್ಪುವುದಿಲ್ಲ. ಒಪ್ಪಲೂಬಾರದು ಎಂಬುದು ನನಗೆ ಈಗ ಗೊತ್ತಾಗಿದೆ.

ಖಾನಾಪುರದ ಹೈಸ್ಕೂಲೊಂದರಲ್ಲಿ ನಾನು ಮೂವತ್ತು ವರ್ಷ ಡ್ರಿಲ್ ಮಾಸ್ತರನಾಗಿದ್ದೆ. ಆಡಿದ ಮಾತಿಗಿಂತ ಊದಿದ ಸೀಟಿಯೇ ಹೆಚ್ಚು. ಯಾವುದು ಕ್ರೀಡೆ, ಯಾವುದು ಬರೀ ಹವ್ಯಾಸ ಎಂಬ ಜಗಳ ಸ್ಟಾಫ್ ರೂಮಿನಲ್ಲಿ ಎದ್ದಾಗಲೆಲ್ಲ ತೀರ್ಪು ನನ್ನದೇ. ನಮ್ಮ ಗಣಿತದ ಮಾಸ್ತರರು ಚದುರಂಗವನ್ನೂ ಕ್ರೀಡಾಕೂಟಕ್ಕೆ ಸೇರಿಸಿಕೊಳ್ಳಿ ಎಂದು ವರ್ಷಕ್ಕೊಮ್ಮೆ ಅರ್ಜಿ ಹಿಡಿದು ಬರುತ್ತಿದ್ದರು.

"ಬೆವರು ಬರಲಾರದ್ದು ಆಟ ಅಲ್ರಿ ಸರ" ಎನ್ನುತ್ತಿದ್ದೆ ನಾನು.

"ನನ್ನ ಪರೀಕ್ಷಾದಾಗ ಹುಡುಗ್ರು ಭಾಳ ಬೆವರತಾರ. ಹಂಗಾದ್ರ ಅದೂ ಆಟ ಏನ್ರಿ?" ಎನ್ನುತ್ತಿದ್ದರು ಅವರು.

ನಾನು ಸೋಲುತ್ತಿರಲಿಲ್ಲ. ಸೀಟಿ ನನ್ನ ಕೊರಳಲ್ಲಿತ್ತಲ್ಲ! ಬೆವರು ಬೇಕು, ನಿಯಮ ಬೇಕು, ಎದುರಾಳಿ ಬೇಕು, ಕೊನೆಗೆ ಒಬ್ಬನ ಮುಖ ಸಣ್ಣದಾಗಬೇಕು. ಇಷ್ಟಿದ್ದರೆ ಕ್ರೀಡೆ, ಇಲ್ಲದಿದ್ದರೆ ಹವ್ಯಾಸ. ನಿಯಮದ ವಿಷಯದಲ್ಲಂತೂ ನಾನು ಭಾರಿ ಖಡಕ್ಕು. ಒಮ್ಮೆ ಉದ್ದ ಜಿಗಿತದಲ್ಲಿ ಹುಡುಗಿಯೊಬ್ಬಳ ಹೆಬ್ಬೆರಳು ಗೆರೆಗೆ ಎಳ್ಳಷ್ಟು ತಾಗಿತ್ತು. ಬೇರೆ ಯಾರೂ ನೋಡಿರಲಿಲ್ಲ. ಅವಳು ಎಷ್ಟು ಅತ್ತರೂ ನಾನು ಎತ್ತಿದ ಕೆಂಪು ಬಾವುಟವನ್ನು ಇಳಿಸಲಿಲ್ಲ. ಆ ಸಂಗತಿಯನ್ನು ನನ್ನ ಬೀಳ್ಕೊಡುಗೆ ಸಮಾರಂಭದಲ್ಲಿ ನಾನೇ ಹೆಮ್ಮೆಯಿಂದ ಹೇಳಿಕೊಂಡೆ.

ನಿವೃತ್ತನಾಗಿ ಬೆಳಗಾವಿಗೆ ಬಂದ ಮೇಲೆ ನನ್ನ ಪಾಲಿಗೆ ಉಳಿದದ್ದು ಬೆಳಗಿನ ವಾಕಿಂಗ್ ಒಂದೇ. ಹಿಂಡಲಗಾ ರಸ್ತೆಯಲ್ಲಿ ಒಬ್ಬನೇ ನಡೆಯುವಾಗ ಅದು ಹವ್ಯಾಸ. ಆದರೆ ನನಗಿಂತ ದಪ್ಪಗಿನ, ನನಗಿಂತ ಹಿರಿಯ ಗೃಹಸ್ಥರೊಬ್ಬರು ಹಿಂದಿನಿಂದ ಬಂದು ನನ್ನನ್ನು ದಾಟಿ ಹೋದರೆ ಆ ಕ್ಷಣದಿಂದ ಅದು ಕ್ರೀಡೆ. ಅಂಥ ಒಂದು ಕ್ಷಣದಲ್ಲೇ ನನಗೆ ಎದೆನೋವು ಬಂದದ್ದು. ಅವರು ಹಿಂದಿರುಗಿ ನೋಡದೆ ಹೋಗಿಬಿಟ್ಟರು. ನನ್ನನ್ನು ಆಟೋದಲ್ಲಿ ಹಾಕಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದವರು ಹಾಲು ಹಾಕುವವರು.

ಬೈಪಾಸ್ ಆಯಿತು. ವಾರ್ಡಿಗೆ ತಂದಾಗ ಬಾಜು ಹಾಸಿಗೆಯಲ್ಲಿ ಬೀರಪ್ಪ ಇದ್ದ. ಖಾನಾಪುರ ತಾಲೂಕಿನ ಇಟಗಿ ಕಡೆಯವನು, ಕುರಿ ಕಾಯ್ದುಕೊಂಡು ಬದುಕಿದವನು. ನನ್ನದೇ ವಯಸ್ಸು, ನನ್ನದೇ ಆಪರೇಷನ್ನು, ಎದೆಯ ಮೇಲೆ ನನ್ನದೇ ಅಳತೆಯ ಹೊಲಿಗೆ. ಹೆಚ್ಚಿನದೆಂದರೆ ನಲವತ್ತು ವರ್ಷದ ಬೀಡಿ.

ಇಬ್ಬರಿಗೂ ಒಂದೊಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಅದರಲ್ಲಿ ಮೂರು ಕೊಳವೆ, ಒಂದೊಂದರಲ್ಲೂ ಒಂದು ಬಣ್ಣದ ಚೆಂಡು. ಡಬ್ಬಿಯ ನಳಿಗೆಗೆ ಬಾಯಿಟ್ಟು ಉಸಿರನ್ನು ಒಳಗೆಳೆದರೆ ಚೆಂಡು ಏಳಬೇಕು. ಸ್ವಲ್ಪ ಎಳೆದರೆ ಒಂದು, ಜೋರಾಗಿ ಎಳೆದರೆ ಎರಡು, ಎದೆ ಪೂರ್ತಿ ಅರಳಿದರೆ ಮೂರು. ಎದೆ ಸೀಳಿಸಿಕೊಂಡವರು ಇದನ್ನು ಮಾಡದಿದ್ದರೆ ಶ್ವಾಸಕೋಶದಲ್ಲಿ ಕಫ ಕಟ್ಟಿ ಜೀವಕ್ಕೇ ಕುತ್ತು ಬರಬಹುದು ಎಂದು ಫಿಜಿಯೋಥೆರಪಿ ಮೇಡಂ ವಿವರಿಸಿದರು. ಡಬ್ಬಿಯನ್ನು ನೆಟ್ಟಗೇ ಹಿಡಿಯಬೇಕು, ಓರೆ ಮಾಡಿದರೆ ಚೆಂಡು ಅರ್ಧ ಉಸಿರಿಗೇ ಏರಿಬಿಡುತ್ತದೆ ಎಂದೂ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. "ಮಾಸ್ತರ, ನೀವು ಡ್ರಿಲ್ ಕಲಿಸಿದವ್ರು. ತಾಸಿಗೆ ಹತ್ತು ಸಲ ಇಬ್ಬರೂ ಮಾಡ್ರಿ. ಎಷ್ಟು ಚಂಡು ಎದ್ದೂವು ಅಂತ ನೀವ ಬರದ ಇಡ್ರಿ."

ಹೀಗೆ ನನ್ನ ಕೊರಳಿಗೆ ಮತ್ತೆ ಸೀಟಿ ಬಂತು.

ಮೊದಲ ಎರಡು ದಿನ ನನ್ನದು ಎರಡು ಚೆಂಡು, ಬೀರಪ್ಪನದು ಒಂದು. ಒಂದನ್ನು ಎತ್ತುವಷ್ಟರಲ್ಲಿ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ನಾನು ಗೆದ್ದ ಖುಷಿಯಲ್ಲಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಇದ್ದೆ. ಬಿಡುವಿನಲ್ಲಿ ಮಾತಾಡುತ್ತಿದ್ದೆವು. ಪ್ರಾಯದಲ್ಲಿ ಅವನು ಕಾಳಗಕ್ಕೆಂದೇ ಟಗರು ಸಾಕಿದ್ದನಂತೆ. ನನ್ನ ಹಳೆಯ ಚಟ ಬಿಡುತ್ತದೆಯೇ?

"ಟಗರ ಕಾದಸೂದು ಆಟ ಏನು, ಶೋಕಿ ಏನು ಬೀರಪ್ಪಾ?"

"ನಮಗ ಆಟ್ರಿ ಮಾಸ್ತರ. ಟಗರಿಗಿ ಏನು ಅಂತ ಯಾರ ಕೇಳ್ಯಾರ್ರಿ?" ಎಂದು ಡಬ್ಬಿಯತ್ತ ನೋಡಿದ. "ಈಗ ನಾವಿಬ್ರೂ ಟಗರ ಆಗೇವಿ ನೋಡ್ರಿ."

ಮೂವತ್ತು ವರ್ಷದ ಸ್ಟಾಫ್ ರೂಮಿನ ಚರ್ಚೆಯಲ್ಲಿ ಇಂಥ ಮಾತು ಒಂದೂ ಬಂದಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವನ ಹೆಂಡತಿ ಲಗಮವ್ವ ಬಂದಳು. ಹಾಸಿಗೆಯ ಕಾಲ ಬಳಿ ನಿಂತು ಸೆರಗು ಬಾಯಿಗೆ ಹಿಡಿದಿದ್ದಳು. ಬೀರಪ್ಪ ಡಬ್ಬಿ ಎತ್ತಿಕೊಂಡು ಅವಳನ್ನು ನೋಡಿ ಉಸಿರೆಳೆದ. ಮೂರೂ ಚೆಂಡು ಮೇಲೆದ್ದವು!

"ಮಾಸ್ತರ, ನೋಡಿದ್ರಿಲ್ಲೋ? ಮೂರೂ ಎದ್ದೂವು!"

ನೋಡಿದ್ದೆ. ಚೆಂಡನ್ನೂ ನೋಡಿದ್ದೆ, ಡಬ್ಬಿಯನ್ನು ಓರೆ ಮಾಡಿದ ಅವನ ಮಣಿಕಟ್ಟನ್ನೂ ನೋಡಿದ್ದೆ. ಎಳ್ಳಷ್ಟು ತಾಗಿದ ಹೆಬ್ಬೆರಳನ್ನು ಹಿಡಿದ ಕಣ್ಣಿಗೆ ಇದು ಕಾಣದೆ ಇರುತ್ತದೆಯೇ? ಆದರೆ ಲಗಮವ್ವ ನಕ್ಕಿದ್ದಳು. ಹೋಗಲಿ, ಮುದುಕ ಒಮ್ಮೆ ಗೆಲ್ಲಲಿ ಎಂದುಕೊಂಡು ಹಾಳೆಯ ಮೇಲೆ ಮೂರು ಎಂದು ಬರೆದೆ. ಒಳ್ಳೆಯವನಾಗುವುದು ಇಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ.

ಒಮ್ಮೆ ಗೆದ್ದವನು ಮತ್ತೆ ಸೋಲಲು ಒಪ್ಪುತ್ತಾನೆಯೇ? ಅಂದಿನಿಂದ ಅವನ ಡಬ್ಬಿ ನೆಟ್ಟಗೆ ನಿಲ್ಲಲೇ ಇಲ್ಲ. ಮರುದಿನ ಮೇಡಂ ಎದುರಿಗೆ, ಡಬ್ಬಿ ಅವರ ಕೈಯಲ್ಲಿದ್ದಾಗ, ಒಂದೇ ಚೆಂಡು ಎದ್ದಿತು. ಅವರು ಹುಬ್ಬು ಗಂಟಿಕ್ಕಿದರು. "ಈಗಷ್ಟ ಮೂರು ಎತ್ಯಾನ್ರಿ, ದಣದಾನ" ಎಂದು ನಾನೇ ಸಾಕ್ಷಿ ಹೇಳಿದೆ. ಹಾಳೆ ತೋರಿಸಿದೆ. ನನ್ನ ಅಕ್ಷರ ದುಂಡಗಿದೆ, ಯಾರಾದರೂ ನಂಬುತ್ತಾರೆ.

ಆರನೆಯ ದಿನ ಬೀರಪ್ಪನಿಗೆ ಜ್ವರ ಬಂತು. ಏಳನೆಯ ದಿನ ಐಸಿಯುಗೆ ಒಯ್ದರು. ಆಗ ನಾನು ಎಲ್ಲವನ್ನೂ ಮೇಡಂಗೆ ಹೇಳಿದೆ. ಅವರು ಬೈಯಲಿಲ್ಲ, ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡು ಅವಸರದಲ್ಲಿ ಹೋದರು. ನಾನು ಮನೆಗೆ ಬಂದ ಮೂರು ದಿನಕ್ಕೆ ಅವನು ತೀರಿಕೊಂಡ ಸುದ್ದಿ ಬಂತು. ಬೀಡಿ ಸೇದಿದ ಶ್ವಾಸಕೋಶ, ವಯಸ್ಸು, ಕಾರಣ ಹತ್ತು ಇರುತ್ತವೆ ಎಂದು ಡಾಕ್ಟರು ನನಗೆ ಸಮಾಧಾನ ಹೇಳಿದರು. ಹನ್ನೊಂದನೆಯ ಕಾರಣ ಯಾರೆಂದು ನನಗೆ ಗೊತ್ತು.

ಕ್ರೀಡೆ ಯಾವುದೆಂದು ಈಗ ಯಾರಾದರೂ ಕೇಳಿದರೆ ಬೆವರು, ಎದುರಾಳಿ ಎಂದೆಲ್ಲ ಹೇಳುವುದಿಲ್ಲ. ಬಚ್ಚಲಮನೆಯಲ್ಲಿ ಹಾಡಿಕೊಳ್ಳುವವನು ಶ್ರುತಿ ತಪ್ಪಿದರೆ ಯಾರಿಗೂ ನಷ್ಟವಿಲ್ಲ, ಅದು ಹವ್ಯಾಸ. ತಪ್ಪನ್ನು ತಪ್ಪು ಎಂದು ಕೂಗುವವನೊಬ್ಬ ಎಲ್ಲಿ ಬೇಕೇ ಬೇಕೋ ಅದು ಕ್ರೀಡೆ. ಹಾಗೆ ನೋಡಿದರೆ ಆ ವಾರ್ಡಿನಲ್ಲಿ ನಡೆದದ್ದು ನಾನು ಕಂಡ ಎಲ್ಲ ಕ್ರೀಡೆಗಳಿಗಿಂತ ದೊಡ್ಡದು. ನಾನು ಅದನ್ನು ಮುದುಕರ ಹವ್ಯಾಸವೆಂದು ತಿಳಿದು ಸೀಟಿ ಊದಲಿಲ್ಲ.

ನಡೆದಾಡಲು ಬಂದ ಮೇಲೆ ಖಾನಾಪುರದಲ್ಲಿ ಬಸ್ಸು ಬದಲಿಸಿ ಅವನ ಊರಿಗೆ ಹೋದೆ. ಲಗಮವ್ವನಿಗೆ ಎಲ್ಲವನ್ನೂ ಹೇಳಿ ಕ್ಷಮೆ ಕೇಳಬೇಕೆಂದೇ ಹೋದದ್ದು. ಅಂಗಳದಲ್ಲಿ ನಾಲ್ಕಾರು ಹೆಂಗಸರು ಕುಳಿತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು.

"ಬರ್ರಿ ಮಾಸ್ತರ, ಕುಂದರ್ರಿ. ಮಾಸ್ತರನ್ನ ಸೋಲಿಸೇನಿ ಅಂತ ದವಾಖಾನಿಗಿ ಬಂದಬಂದವ್ರ ಮುಂದ ಹೇಳತಿದ್ರು ನಮ್ಮನಿಯವ್ರು. ಇವ್ರು ಯಾರೂ ನಂಬವಲ್ರು. ನೀವ ಹೇಳ್ರಿ, ಖರೇನ ಏನ್ರಿ?"

ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ತೀರ್ಪಿಗೆ ಕಾಯುವ ಮುಖಗಳನ್ನು ನಾನು ಬಲ್ಲೆ.

"ಖರೇ ಐತಿ ಯವ್ವಾ. ಸೋಲಿಸಿದ" ಎಂದೆ.

ಅವಳು ಪಕ್ಕದವಳ ಮೊಣಕಾಲು ತಟ್ಟಿ, "ಹೇಳಿದ್ನೋ ಇಲ್ಲೋ?" ಎಂದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು.

ಗೊತ್ತಿದ್ದೂ ಗೊತ್ತಿದ್ದೂ ನಾನು ಕೊಟ್ಟ ಸುಳ್ಳು ತೀರ್ಪುಗಳು ಎರಡೇ. ಎರಡೂ ಬೀರಪ್ಪನ ಪರ. ಮೊದಲನೆಯದನ್ನು ಹಿಂದಕ್ಕೆ ಪಡೆಯಲು ಏನು ಬೇಕಾದರೂ ಕೊಟ್ಟೇನು. ಎರಡನೆಯದನ್ನು ಯಾರು ಬಂದು ಕೇಳಿದರೂ ಬದಲಿಸುವುದಿಲ್ಲ.